ದವಡೆಯ ಕೀಲು ನೊಂದಾಗ

ಉಣ್ಣುವುದಕ್ಕೂ ನುಡಿಯುವುದಕ್ಕೂ ಆಧಾರವಾದ ದವಡೆಯ ಕೀಲನ್ನು ನಾವು ನೆನೆಯುವುದು ಅದು ನೊಂದಾಗ ಮಾತ್ರ. ಪ್ರಾಚೀನರು ಅದನ್ನು ಅಲಕ್ಷಿಸಲಿಲ್ಲ. ಜಾರಿದ ಹನುಸಂಧಿಗೆ ಶಾಖವಿತ್ತು, ಮೂಳೆಯನ್ನು ಸ್ವಸ್ಥಾನದಲ್ಲಿ ಕೂಡಿಸಿ, ಪಟ್ಟಿ ಕಟ್ಟುವ ಕ್ರಮವನ್ನು ಸುಶ್ರುತ ಸಂಹಿತೆಯು ಹೇಳಿದೆ.

ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿದರೆ ಈ ಕೀಲಿನ ಚಲನೆ ತಿಳಿಯುತ್ತದೆ. ಅದು ಬಾಗಿಲಿನ ತಿರುಗಣಿಯಂತೆ ತಿರುಗುವುದಲ್ಲದೆ ಮುಂದಕ್ಕೂ ಜಾರುತ್ತದೆ. ಎರಡು ಮೂಳೆಗಳ ನಡುವೆ ಒಂದು ತೆಳುವಾದ ಬಿಲ್ಲೆಯಿದೆ. ಈ ಬಿಲ್ಲೆ ಸರಿದಾಗ 'ಟಕ್' ಎಂಬ ಸದ್ದು ಕೇಳಿಬರಬಹುದು. ನೋವಿಲ್ಲದ ಬರಿಯ ಸದ್ದಿಗೆ ಸಾಮಾನ್ಯವಾಗಿ ಚಿಕಿತ್ಸೆ ಬೇಡ.

ಅಗಿಯುವಾಗ ಕೆನ್ನೆ, ಕಪೋಲಗಳಲ್ಲಿ ನೋವು, ಬೆಳಿಗ್ಗೆ ಎದ್ದೊಡನೆ ದವಡೆಯ ಬಿಗಿತ, ಬಾಯಿ ಅರ್ಧಕ್ಕೇ ನಿಲ್ಲುವುದು – ಇವು ರೋಗದ ಕುರುಹುಗಳು. ಬಹುಮಂದಿಯ ಬಾಯಿ ತಮ್ಮದೇ ಮೂರು ಬೆರಳುಗಳಷ್ಟು, ಅಂದರೆ ಸುಮಾರು 40 ಮಿಲಿಮೀಟರು ತೆರೆಯುತ್ತದೆ. ಈ ವ್ಯಾಧಿ ಪುರುಷರಿಗಿಂತ ಸ್ತ್ರೀಯರಲ್ಲಿ ಹೆಚ್ಚು. ನಿದ್ದೆಯಲ್ಲಿ ಹಲ್ಲು ಕಡಿಯುವುದು, ಪೆಟ್ಟು, ಮನಸ್ಸಿನ ಒತ್ತಡ, ಸಂಧಿವಾತ ಇವು ಅದಕ್ಕೆ ಒತ್ತಾಸೆಯಾಗುತ್ತವೆ.

ಇದನ್ನು ಕಿವಿನೋವೆಂದು ಭ್ರಮಿಸಿ ಎಣ್ಣೆ ಬಿಡುವವರುಂಟು. ಹಲ್ಲುನೋವೆಂದು ಬಗೆದು ಗಟ್ಟಿ ಹಲ್ಲನ್ನೇ ಕೀಳಿಸಿಕೊಂಡವರೂ ಉಂಟು. ಕಿತ್ತ ಹಲ್ಲು ಮರಳಿ ಬಾರದು, ನೋವು ಮಾತ್ರ ಉಳಿಯುತ್ತದೆ. 1934ರಲ್ಲಿ ಅಮೆರಿಕದ ವೈದ್ಯ ಜೇಮ್ಸ್ ಕಾಸ್ಟೆನ್ ಹಲ್ಲುಗಳ ನಷ್ಟ ಮತ್ತು ಅವುಗಳ ಕೂಡಿಕೆಯ ದೋಷವೇ ಇದರ ಮೂಲವೆಂದು ಬರೆದರು. ಆ ಮತದ ಪ್ರಭಾವದಿಂದ ಹಲ್ಲುಗಳನ್ನು ಉಜ್ಜಿ ತಗ್ಗಿಸುವ ಪದ್ಧತಿಯೂ ಬೆಳೆಯಿತು. ಇಂದಿನ ತಜ್ಞರು ಅದನ್ನು ಪ್ರಧಾನ ಕಾರಣವೆಂದು ಒಪ್ಪುವುದಿಲ್ಲ.

ಹಾಗಾದರೆ ಪರಿಹಾರವೇನು? ಕೆಲವು ವಾರ ಮೆತ್ತನೆಯ ಅನ್ನ, ಗಂಜಿ, ಮುದ್ದೆಗಳನ್ನು ಉಣ್ಣಬೇಕು. ಗಟ್ಟಿ ರೊಟ್ಟಿ, ಚಕ್ಕುಲಿಗಳನ್ನು ದೂರವಿಡಬೇಕು. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಹದವಾಗಿ ಶಾಖ ಕೊಡಬೇಕು. ಆಕಳಿಸುವಾಗ ಗದ್ದಕ್ಕೆ ಕೈಯ ಆಸರೆಯಿರಲಿ. ತುಟಿಗಳು ಕೂಡಿದ್ದರೂ ಹಲ್ಲುಗಳು ಬಿಡಿಯಾಗಿರಲಿ. 2023ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ಮಾರ್ಗಸೂಚಿಯು ದೀರ್ಘಕಾಲದ ನೋವಿಗೆ ದವಡೆಯ ವ್ಯಾಯಾಮ, ನುರಿತವರ ಅಂಗಮರ್ದನ, ಮನಸ್ಸಿನ ಚಿಕಿತ್ಸೆಗಳನ್ನು ಎತ್ತಿಹಿಡಿದಿದೆ. ಬಿಲ್ಲೆಯನ್ನೇ ತೆಗೆಯುವ ಶಸ್ತ್ರಕ್ರಿಯೆ ಬೇಡವೆಂದಿದೆ.

ಆದರೆ ಎಲ್ಲ ದವಡೆನೋವೂ ಕೀಲಿನದಲ್ಲ. ಅಡಿಕೆ, ಗುಟ್ಕಾ ಅಗಿಯುವವರಿಗೆ ಬಾಯಿ ತೆರೆಯದಾದರೆ ಒಳಚರ್ಮ ಬಿಗಿದಿರಬಹುದು. ಅದು ಕ್ಯಾನ್ಸರಿಗೂ ತಿರುಗಬಲ್ಲುದು. 50 ವರ್ಷ ದಾಟಿದವರಿಗೆ ಅಗಿಯುವಾಗಿನ ನೋವಿನೊಡನೆ ಹೊಸ ತಲೆನೋವು ಬಂದರೆ, ರಕ್ತನಾಳದ ಉರಿಯೂತದಿಂದ ಕಣ್ಣಿಗೇ ಅಪಾಯವಿರಬಹುದು. ಎದೆ ಬಿಗಿತ, ಬೆವರು ಕೂಡಿದ ದವಡೆನೋವು ಹೃದಯಾಘಾತದ ಸೂಚನೆಯಾಗಿರಬಹುದು. ಇಂಥಲ್ಲಿ ಮನೆಮದ್ದಿಗೆ ಕಾಯದೆ ಕೂಡಲೇ ವೈದ್ಯರನ್ನು ಕಾಣತಕ್ಕದ್ದು. ಉಳಿದವರಿಗೆ ತಾಳ್ಮೆಯೇ ಮೊದಲ ಮದ್ದು: ಬಹಳಷ್ಟು ನೋವುಗಳು ಈ ಸರಳ ಉಪಚಾರದಿಂದಲೇ ಶಮನವಾಗುತ್ತವೆ.