ಫಾಲ್ಸ್ ಸೀಲಿಂಗ್‌ಗೆ ಎಷ್ಟು ಲೈಟ್ ಬೇಕು? ಥಾಣೆ, ಡೊಂಬಿವಲಿ ಫ್ಲ್ಯಾಟ್ ನವೀಕರಣಕ್ಕೆ ಮುನ್ನ ಇದನ್ನು ಗಮನಿಸಿ

ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬೈ ಕಡೆ ಹಳೆಯ ಫ್ಲ್ಯಾಟ್ ನವೀಕರಣ ಎಂದರೆ ಮೊದಲು ಬರುವ ಮಾತು ಫಾಲ್ಸ್ ಸೀಲಿಂಗ್. ಅದರ ಬೆನ್ನಿಗೇ ಸೀಲಿಂಗ್ ಒಳಗೆ ಕೂರುವ ಎಲ್‌ಇಡಿ ಲೈಟ್‌ಗಳ ಸಾಲು. 'ಹಾಲ್‌ಗೆ 12 ಲೈಟ್ ಹಾಕೋಣ' ಎಂದು ಗುತ್ತಿಗೆದಾರ ಹೇಳಿದರೆ ತಲೆಯಾಡಿಸುವ ಮುನ್ನ ಟೇಪ್ ಹಿಡಿದು ಎತ್ತರ ಅಳೆಯಿರಿ.

ವಾಸದ ಕೋಣೆಗೆ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುವ ಕನಿಷ್ಠ ಎತ್ತರ 2.75 ಮೀಟರ್, ಅಂದರೆ ಸುಮಾರು 9 ಅಡಿ. ಅದರಲ್ಲಿ ಸೀಲಿಂಗ್‌ಗೆ 6 ಇಂಚು, ಫ್ಯಾನ್ ರಾಡ್‌ಗೆ 1 ಅಡಿ ಹೋದರೆ ರೆಕ್ಕೆ ತಿರುಗುವುದು ಏಳೂವರೆ ಅಡಿಯಲ್ಲಿ. ಮಂಚದ ಮೇಲೆ ನಿಂತು ಹೊದಿಕೆ ಕೊಡವಿದರೆ ಕೈಗೆ ತಾಗುವ ಎತ್ತರವದು! ಇಂಥ ಮನೆಗೆ ಪೂರ್ತಿ ಸೀಲಿಂಗ್ ಬೇಡವೇ ಬೇಡ. ನಡುವೆ ಸ್ಲ್ಯಾಬ್ ಹಾಗೇ ಬಿಟ್ಟು, ಗೋಡೆಯ ಅಂಚಿನಲ್ಲಿ ಒಂದೂವರೆ ಅಡಿ ಅಗಲದ ಪಟ್ಟಿ ಮಾಡಿಸಿ ಅದರಲ್ಲಿ ಲೈಟ್ ಕೂರಿಸಿದರೆ ಸಾಕು. ಇನ್ನೊಂದು ಲಾಭವೂ ಇದೆ. ಫ್ಯಾನ್ ರೆಕ್ಕೆಯ ಮೇಲೆ ಲೈಟ್ ಇದ್ದರೆ ನೆರಳು ಪಟಪಟನೆ ಮಿನುಗಿ ಕಣ್ಣಿಗೆ ಹಿಂಸೆ. ಅಂಚಿನಲ್ಲಿದ್ದರೆ ಆ ಕಾಟವಿಲ್ಲ.

ಎಷ್ಟು ಲೈಟ್? 10x12 ಅಡಿ ಹಾಲ್ ಎಂದರೆ ಸುಮಾರು 11 ಚದರ ಮೀಟರ್. ಕುಳಿತು ಮಾತಾಡಲು 150 ಲಕ್ಸ್ ಬೆಳಕು ಸಾಕು. ಗೋಡೆ ಹೀರುವುದು, ಧೂಳು ಎಲ್ಲ ಸೇರಿಸಿದರೂ ಸುಮಾರು 2,500 ಲ್ಯೂಮೆನ್. 7 ವ್ಯಾಟ್‌ನ ಒಂದು ಲೈಟ್ 600ರಿಂದ 700 ಲ್ಯೂಮೆನ್ ಕೊಡುತ್ತದೆ. ಅಂದರೆ ನಾಲ್ಕು! ಉಳಿದ ಎಂಟು ಬರೀ ಶೋಕಿ.

ಇನ್ನು ಈ ಭಾಗದ ನಿಜವಾದ ತಲೆನೋವು ಮಳೆ. ಟೆರೇಸ್ ಕೆಳಗಿನ ಮನೆಯಾಗಲಿ, ಮೇಲಿನವರ ಬಾತ್‌ರೂಮ್ ಸೋರುವ ಮನೆಯಾಗಲಿ, ನೀರು ಜಿಪ್ಸಮ್ ಬೋರ್ಡ್ ಮೇಲೆ ಕಣ್ಣಿಗೆ ಕಾಣದಂತೆ ನಿಂತು, ಲೈಟ್‌ಗೆ ಕೊರೆದ ತೂತಿನಿಂದಲೇ ಇಳಿಯುತ್ತದೆ. ವೈರ್ ಜಾಯಿಂಟ್ ಇರುವುದೂ ಅಲ್ಲೇ. ಎಂಸಿಬಿ ಇದೆಯಲ್ಲ ಎನ್ನಬೇಡಿ. ಅದು ಲೋಡ್ ಹೆಚ್ಚಾದಾಗ, ಶಾರ್ಟ್ ಆದಾಗ ಬೀಳುತ್ತದೆ, ಶಾಕ್‌ನಿಂದ ಕಾಪಾಡುವುದಿಲ್ಲ. ಅದಕ್ಕೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಬೇಕು. ಸ್ಲ್ಯಾಬ್‌ನಲ್ಲಿ ತೇವದ ಕಲೆ ಇದ್ದರೆ ಮೊದಲು ವಾಟರ್‌ಪ್ರೂಫಿಂಗ್, ಒಂದು ಮಳೆಗಾಲ ಕಳೆದ ಮೇಲೆ ಸೀಲಿಂಗ್. ಅಲ್ಲಿವರೆಗೆ ಸ್ಲ್ಯಾಬ್‌ಗೇ ಅಂಟುವ ಸರ್ಫೇಸ್ ಲೈಟ್ ಧಾರಾಳವಾಗಿ ಸಾಕು.

ಖರೀದಿಸುವಾಗ ಪೆಟ್ಟಿಗೆಯ ಮೇಲೆ ಬಿಐಎಸ್ ನೋಂದಣಿ ಸಂಖ್ಯೆ ನೋಡಿ. ಡ್ರೈವರ್ ಪ್ರತ್ಯೇಕವಾಗಿರುವುದನ್ನೇ ಆರಿಸಿ, ಕೆಟ್ಟರೆ ಅದೊಂದನ್ನೇ ಬದಲಿಸಬಹುದು. ಮಲಗುವ ಕೋಣೆಗೆ 3000 ಕೆಲ್ವಿನ್, ಅಡುಗೆಮನೆಗೆ 4000 ಹಿತ. 6500ರ ಬಿಳಿ ಬೆಳಕು ಮನೆಯನ್ನು ಆಸ್ಪತ್ರೆ ಮಾಡಿಬಿಡುತ್ತದೆ. ಖಾಡಿಯ ಉಪ್ಪುಗಾಳಿ ಬೀಸುವ ಕಡೆ ಕಬ್ಬಿಣದ ಬಾಡಿ ಬೇಗ ತುಕ್ಕು ಹಿಡಿಯುತ್ತದೆ, ಅಲ್ಯೂಮಿನಿಯಂ ಒಳ್ಳೆಯದು. ಕಟೌಟ್ ಅಳತೆಯನ್ನು ಬರೆದಿಟ್ಟುಕೊಳ್ಳಿ. ಮುಂದೆ ಬೇರೆ ಕಂಪನಿಯ ಲೈಟ್ ತಂದರೂ ಅದೇ ತೂತಿನಲ್ಲಿ ಕೂರಬೇಕು.

ಬೋರ್ಡ್ ಮುಚ್ಚುವ ಮುನ್ನ ವೈರ್ ಹೋಗಿರುವ ದಾರಿಯನ್ನು ಮೊಬೈಲ್‌ನಲ್ಲಿ ಫೋಟೊ ತೆಗೆದಿಡಿ. ಗುತ್ತಿಗೆದಾರನ ಕೊನೆಯ ಕಂತನ್ನು, ಎಲ್ಲ ಲೈಟ್ ನಾಲ್ಕು ಗಂಟೆ ಉರಿದ ಮೇಲೆಯೇ ಕೊಡಿ.