ಚಾಂದಬೀಬಿ: ಖಡ್ಗಕ್ಕಿಂತ ಮೊದಲು ರಾಜಕಾರಣ

ಚಾಂದಬೀಬಿ ಎಂದರೆ ಅಹ್ಮದನಗರದ ಒಡೆದ ಕೋಟೆಗೋಡೆಯ ಮೇಲೆ ಖಡ್ಗ ಹಿರಿದು ನಿಂತ ವೀರರಾಣಿಯೇ ನೆನಪಿಗೆ ಬರುತ್ತಾಳೆ. ವಿಜಯಪುರದಲ್ಲಿ ಆಕೆಯ ಹೆಸರು ಉಳಿದಿರುವುದು ಶಹಾಪುರ ದರ್ವಾಜದ ಹತ್ತಿರದ ಚಾಂದ ಬಾವಡಿಯಲ್ಲಿ. ಗಂಡ ಒಂದನೆಯ ಅಲಿ ಆದಿಲ್‌ಶಾಹ 1579ರಲ್ಲಿ ಕಟ್ಟಿಸಿದ ಬಾವಿ ಅದು. ಖಡ್ಗ ಮತ್ತು ಬಾವಿಗಳ ನಡುವೆ ನಾವು ಮರೆತಿರುವುದು ಆಕೆಯೊಳಗಿನ ರಾಜಕಾರಣಿಯನ್ನು. ಆ ರಾಜಕಾರಣವನ್ನು ಆಕೆ ಕಲಿತದ್ದು ಇದೇ ಊರಿನಲ್ಲಿ, 1580ರಿಂದ 1584ರವರೆಗೆ.

1580ರಲ್ಲಿ ಅಲಿಯ ಕೊಲೆಯಾಯಿತು. ಮಕ್ಕಳಿರಲಿಲ್ಲ, ಸಹೋದರನ ಮಗ ಇಬ್ರಾಹಿಂ ಒಂಬತ್ತನೆಯ ವಯಸ್ಸಿಗೆ ಪಟ್ಟಕ್ಕೇರಿದ. ಆಡಳಿತ ಸರದಾರ ಕಾಮಿಲ್ ಖಾನನಿಗೆ, ಹುಡುಗನ ಪಾಲನೆ ಚಾಂದಬೀಬಿಗೆ. ದಂಡು ಆಕೆಯ ಕೈಯಲ್ಲಿರಲಿಲ್ಲ. ಆದರೂ ಕಾಮಿಲ್ ಖಾನ್ ಸೊಕ್ಕಿದಾಗ ಇನ್ನೊಬ್ಬ ಸರದಾರ ಹಾಜಿ ಕಿಶ್ವರ್ ಖಾನನನ್ನು ಮುಂದೆಮಾಡಿ ಅವನನ್ನು ಕೆಳಗಿಳಿಸಿದಳು. ಮುಂದೆ ಆ ಕಿಶ್ವರ್ ಖಾನನೇ ಆಕೆಯನ್ನು ಸಾತಾರೆಯ ಕೋಟೆಯಲ್ಲಿ ಕೂಡಿಹಾಕಿದ. ಅದಕ್ಕಾಗಿ ಬೀದಿಯಲ್ಲಿ ಹೆಂಗಸರು ಮಕ್ಕಳು ಅವನಿಗೆ ಹಿಡಿಶಾಪ ಹಾಕಿದರೆಂದು ಇತಿಹಾಸಕಾರ ಫಿರಿಶ್ತಾ ಬರೆಯುತ್ತಾನೆ. ಇಖ್ಲಾಸ್ ಖಾನನಂಥ ಹಬಶಿ (ಆಫ್ರಿಕಾ ಮೂಲದ) ಸರದಾರರು ತಿರುಗಿಬೀಳುತ್ತಲೇ ಕಿಶ್ವರ್ ಖಾನ್ ಓಡಿಹೋದ, ಚಾಂದಬೀಬಿ ಮರಳಿದಳು. ಅಷ್ಟರಲ್ಲಿ ಅಹ್ಮದನಗರ ಮತ್ತು ಗೋಲ್ಕೊಂಡದ ದಂಡುಗಳು ವಿಜಯಪುರಕ್ಕೆ ಮುತ್ತಿಗೆ ಹಾಕಿದವು. ಅಹ್ಮದನಗರದ ಸುಲ್ತಾನ ಮುರ್ತಜಾ ಆಕೆಯ ಒಡಹುಟ್ಟಿದವನು. ತವರಿನ ದಂಡೇ ಬಾಗಿಲಿಗೆ ಬಂದಿತ್ತು. ಊರೊಳಗೆ ಉಳಿದ ಸರದಾರರು ಅಧಿಕಾರ ಹಿಡಿದಿದ್ದ ಹಬಶಿಗಳ ಮಾತು ಕೇಳಲೊಲ್ಲರು. ಕೊನೆಗೆ ಹಬಶಿಗಳು ಅಧಿಕಾರ ಬಿಟ್ಟುಕೊಟ್ಟರು. ಎಲ್ಲರೂ ಒಪ್ಪಬಹುದಾದ ಅಬುಲ್ ಹಸನನನ್ನು ಚಾಂದಬೀಬಿ ಮಂತ್ರಿ ಮಾಡಿದಳು. ಅವನು ಕರೆಸಿದ ಬರ್ಗಿ ಕುದುರೆಪಡೆ ವೈರಿಗಳ ದವಸಧಾನ್ಯದ ದಾರಿ ಕಡಿಯಿತು, ಮುತ್ತಿಗೆ ತೆರವಾಯಿತು. ಸೇಡಿಗೆ ಬಿದ್ದ ಬಣಗಳನ್ನು ಒಂದು ಹೆಸರಿಗೆ ಒಪ್ಪಿಸುವುದಕ್ಕಿಂತ ದೊಡ್ಡ ರಾಜಕಾರಣ ಬೇರೆ ಯಾವುದಿದೆ?

ಫಿರಿಶ್ತಾ ಆಕೆ ಸಾಕಿದ ಇದೇ ಇಬ್ರಾಹಿಮನ ಆಶ್ರಯದಲ್ಲಿದ್ದವನು, ಆಕೆಯನ್ನು ಹೊಗಳದೆ ಇರುತ್ತಾನೆಯೇ ಎಂದು ಕೇಳಬಹುದು. ಆದರೆ ಆಕೆ ನಂಬಿದವರು ಕೈಕೊಟ್ಟದ್ದನ್ನೂ, ಹಬಶಿ ಸರದಾರ ದಿಲಾವರ್ ಖಾನ್ ಕೊನೆಗೆ ಅಬುಲ್ ಹಸನನ ಕಣ್ಣು ಕೀಳಿಸಿ ಅಧಿಕಾರ ನುಂಗಿದ್ದನ್ನೂ ಅವನೇ ದಾಖಲಿಸಿದ್ದಾನೆ. ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ಸುಲ್ತಾನನ ಹೆಂಡತಿಯಾಗಿರದಿದ್ದರೆ ಆಕೆಗೆ ಅಧಿಕಾರ ಎಲ್ಲಿಂದ ಬರುತ್ತಿತ್ತು? ನಿಜ, ಬರುತ್ತಿರಲಿಲ್ಲ. ಅಮೆರಿಕದ ಮಾರ್ಗರೆಟ್ ಚೇಸ್ ಸ್ಮಿತ್ ಕೂಡ 1940ರಲ್ಲಿ ಸಂಸತ್ತಿಗೆ ಹೋದದ್ದು ತೀರಿಕೊಂಡ ಗಂಡನ ಸ್ಥಾನಕ್ಕೆ. ಆದರೆ 1950ರಲ್ಲಿ ತಮ್ಮದೇ ಪಕ್ಷದ ಸೆನೆಟರ್ ಮೆಕಾರ್ಥಿಯ ಬೆದರಿಕೆಯ ರಾಜಕಾರಣವನ್ನು ಸೆನೆಟಿನಲ್ಲಿ ಎದ್ದು ನಿಂತು ಖಂಡಿಸಿದ ಎದೆಗಾರಿಕೆ ಗಂಡನಿಂದ ಬಂದ ಬಳುವಳಿಯಲ್ಲ. ಬಾಗಿಲು ಯಾರು ತೆರೆದರು ಎಂಬುದರಿಂದ ಒಳಗೆ ಹೋದವಳ ಕೆಲಸವನ್ನು ಅಳೆಯಬಾರದು. ತಿಕೋಟಾ, ಬಬಲೇಶ್ವರ ಭಾಗದ ಪಂಚಾಯಿತಿಗಳಲ್ಲಿ ಮೀಸಲಾತಿಯಿಂದ ಗೆದ್ದ ಹೆಣ್ಣುಮಕ್ಕಳ ವಿಷಯದಲ್ಲೂ ಈ ಮಾತು ನಿಲ್ಲುತ್ತದೆ. ವಿಜಯಪುರ ಲೋಕಸಭಾ ಕ್ಷೇತ್ರವಂತೂ ಈವರೆಗೆ ಒಬ್ಬ ಮಹಿಳೆಯನ್ನೂ ಗೆಲ್ಲಿಸಿ ಕಳಿಸಿಲ್ಲ. ಅನುಭವ ಇಲ್ಲದವರು ಎಂದು ಹೆಣ್ಣುಮಕ್ಕಳನ್ನು ದೂರುವ ಮೊದಲು, ಅವಕಾಶವನ್ನೇ ಕೊಡದ ಈ ಚರಿತ್ರೆಯನ್ನು ನೆನೆಯಬೇಕು.

1584ರಲ್ಲಿ ತವರಿಗೆ ಹೋದ ಚಾಂದಬೀಬಿ 1596ರಲ್ಲಿ, ಅಹ್ಮದನಗರಕ್ಕೆ ಮುತ್ತಿಗೆ ಹಾಕಿದ್ದ ಮೊಗಲ್ ರಾಜಕುಮಾರ ಮುರಾದನಿಗೆ ಬೇರಾರ್ ಪ್ರಾಂತ್ಯ ಬಿಟ್ಟುಕೊಟ್ಟು ಅಹ್ಮದನಗರ ಉಳಿಸಿಕೊಂಡಳು. ಇದನ್ನು ಸೋಲೆನ್ನುವವರಿದ್ದಾರೆ. ನನಗೆ ಅದು ವಿಜಯಪುರದಲ್ಲಿ ಕಲಿತ ಲೆಕ್ಕಾಚಾರವೇ ಆಗಿ ಕಾಣುತ್ತದೆ: ಯಾವುದನ್ನು ಬಿಡಬೇಕು, ಯಾವುದನ್ನು ಬಿಡಬಾರದು ಎಂಬ ತಿಳಿವಳಿಕೆ. 1600ರಲ್ಲಿ ಮೊಗಲರು ಮತ್ತೆ ಬಂದಾಗ, ಕೋಟೆ ಒಪ್ಪಿಸಿ ಬಾಲಕ ಸುಲ್ತಾನ ಬಹಾದೂರನನ್ನು ಕರೆದುಕೊಂಡು ಜುನ್ನರಿಗೆ ಹೋಗೋಣ ಎಂದಳು. ದ್ರೋಹಿ ಎಂದು ಕೂಗುತ್ತ ನುಗ್ಗಿದ ಸ್ವಂತ ಜನರೇ ಆಕೆಯನ್ನು ಕೊಂದರು. ಸ್ವಲ್ಪ ಕಾಲದಲ್ಲೇ ಕೋಟೆ ಬಿತ್ತು. ಆಕೆ ಉಳಿಸಲು ಹೊರಟಿದ್ದ ಹುಡುಗ ಗ್ವಾಲಿಯರ್ ಕೋಟೆಯಲ್ಲಿ ಮೊಗಲರ ಸೆರೆಯಾಳಾದ.