ಕಡಲೆಕಾಯಿಯ ಹುಟ್ಟುಹಬ್ಬ

ಮಕ್ಕಳ ಹುಟ್ಟುಹಬ್ಬವನ್ನು ‘ಭಾರತೀಯ ಶೈಲಿ’ಯಲ್ಲಿ ಆಚರಿಸಬೇಕೆಂಬ ಬಯಕೆ ಪಟ್ಟಣದ ಮನೆಗಳಲ್ಲಿ ಈಗ ಕಾಣಿಸಿಕೊಂಡಿದೆ. ಬಯಕೆ ಒಳ್ಳೆಯದೇ. ಆದರೆ ಅದನ್ನು ನೆರವೇರಿಸಿಕೊಡಲು ಪೇಟೆಯಲ್ಲಿ ಸಿದ್ಧರಾಗಿ ನಿಂತವರು ತೋರಿಸುವ ಪಟ್ಟಿಯನ್ನು ಕಂಡಾಗ, ಆ ಭಾರತ ಯಾವುದೆಂಬ ಸಂಶಯ ನನಗೆ ಹುಟ್ಟಿತು. ರಾಜಸ್ಥಾನದ ಪೇಟ, ಪಂಜಾಬಿನ ಡೋಲು, ಕೇರಳದ ಆನೆಯ ನೆತ್ತಿಪಟ್ಟ, ರಟ್ಟಿನ ತಾಜಮಹಲು, ಇವೆಲ್ಲದರ ಹಿಂದೆ ಗರಿ ಬಿಚ್ಚಿದ ಒಂದು ನವಿಲು. ಹೊರದೇಶದ ಪ್ರವಾಸಿ ಹತ್ತು ದಿನಗಳಲ್ಲಿ ನೋಡಿ ಹೋಗುವ ಭಾರತ ಅದು. ನಾವು ಯಾರೂ ಅಲ್ಲಿ ವಾಸವಾಗಿಲ್ಲ. ದೂರದೂರದ್ದನ್ನೆಲ್ಲ ಒಂದೇ ಹಜಾರಕ್ಕೆ ತಂದು ತುಂಬಬೇಕಾದುದರಿಂದ ಅದು ದುಬಾರಿಯೂ ಹೌದು. ಕಡಿಮೆ ಖರ್ಚು ಮತ್ತು ನಮ್ಮತನ ಎರಡು ಬೇರೆ ಬೇರೆ ಸಮಸ್ಯೆಗಳಲ್ಲವೆಂಬುದು ನನ್ನ ಅನುಭವ. ತನ್ನ ಊರಿನಲ್ಲಿ, ಆ ತಿಂಗಳಲ್ಲಿ, ಬೀದಿಯ ತಿರುವಿನಲ್ಲಿ ಯಾವುದು ರಾಶಿ ಬಿದ್ದಿದೆಯೋ ಅದನ್ನು ಹಿಡಿದರೆ ಎರಡೂ ಒಟ್ಟಿಗೆ ಬಗೆಹರಿಯುತ್ತವೆ.

ನನ್ನ ಮೊಮ್ಮಗಳಿಗೆ ಏಳು ತುಂಬುವ ವರ್ಷ ಇದನ್ನು ಪರೀಕ್ಷಿಸುವ ಸಂದರ್ಭ ಒದಗಿತು. ಮಗ ಒಂದು ಕಡೆಯಿಂದ ಅಂದಾಜು ತರಿಸಿದ್ದ: ಹದಿನೈದು ಮಕ್ಕಳಿಗೆ ಮೂವತ್ತೈದು ಸಾವಿರ ರೂಪಾಯಿ, ಮಕ್ಕಳ ಕೈಗೆ ಕೊಟ್ಟು ಕಳುಹಿಸುವ ಚೀಲ ಪ್ರತ್ಯೇಕ. ಮನೆಯ ಸಾಲದ ಕಂತು ಕಟ್ಟುತ್ತಿರುವವನಿಗೆ ಅದು ಸಣ್ಣ ಮೊತ್ತವಲ್ಲ. ಆದರೂ ಅವನು ಒಪ್ಪುವ ಹಂತದಲ್ಲಿದ್ದ. ಏಕೆಂದರೆ ಅವಳ ತರಗತಿಯ ಎಲ್ಲರ ಮನೆಯಲ್ಲೂ ಹಾಗೆಯೇ ನಡೆಯುತ್ತಿತ್ತು. “ಅಪ್ಪ, ನಾಳೆ ಅವಳೊಬ್ಬಳೇ ಚಿಕ್ಕವಳಾಗಬಾರದಲ್ಲ” ಎಂದ. ಈ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಬಡಾಯಿಗಾಗಿ ಸಾಲ ಮಾಡುವವರಿಗಿಂತ, ಮಗುವಿನ ಮುಖ ಬಾಡೀತೆಂದು ಸಾಲ ಮಾಡುವವರೇ ನಮ್ಮಲ್ಲಿ ಹೆಚ್ಚು. ಅಂಥವರಿಗೆ ಸರಳತೆಯ ಉಪದೇಶ ಮಾಡುವುದು ಸುಲಭ; ಆ ಮಗುವಿಗೆ ಕುಗ್ಗದ ಒಂದು ಸಂಜೆಯನ್ನು ಕಟ್ಟಿಕೊಡುವುದು ಕಷ್ಟ.

ವೈಭವದ ಹುಟ್ಟುಹಬ್ಬ ನಮ್ಮ ನಾಡಿಗೆ ಹೊಸದೇನೂ ಅಲ್ಲ. ಅಕ್ಬರನನ್ನು ವರ್ಷಕ್ಕೆ ಎರಡು ಸಲ, ಸೌರಮಾನದ ಹುಟ್ಟಿದ ದಿನದಂದು ಒಮ್ಮೆ, ಚಾಂದ್ರಮಾನದ ದಿನದಂದು ಇನ್ನೊಮ್ಮೆ, ತಕ್ಕಡಿಯಲ್ಲಿ ಕೂರಿಸಿ ಬಂಗಾರ ಮೊದಲಾದ ವಸ್ತುಗಳಿಗೆ ಸರಿದೂಗಿಸುತ್ತಿದ್ದರೆಂದು ಅಬುಲ್ ಫಜಲನ ‘ಐನ್-ಇ-ಅಕ್ಬರಿ’ ತಿಳಿಸುತ್ತದೆ. 1617ರಲ್ಲಿ ಜಹಾಂಗೀರನ ತುಲಾಭಾರವನ್ನು ಇಂಗ್ಲಿಷ್ ರಾಯಭಾರಿ ಸರ್ ಥಾಮಸ್ ರೋ ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ಆದರೆ ಅಬುಲ್ ಫಜಲನ ವಿವರಣೆಯಲ್ಲಿ ನನ್ನ ಮನಸ್ಸನ್ನು ಹಿಡಿದದ್ದು ಬೇರೊಂದು ಸಂಗತಿ. ರಾಜಕುಮಾರರಿಗೆ ಎರಡು ವರ್ಷವಾದಾಗ ಮೊದಲ ತೂಕ. ಆಗ ಒಂದೇ ಒಂದು ಪದಾರ್ಥ. ಮುಂದೆ ವರ್ಷ ಕಳೆದಂತೆಲ್ಲ ಇನ್ನೊಂದೊಂದು ಪದಾರ್ಥ ಸೇರುತ್ತ ಹೋಗುತ್ತಿತ್ತಂತೆ. ಸಾಮ್ರಾಜ್ಯವನ್ನೇ ಆಳುವ ಮನೆಯಲ್ಲಿಯೂ ಮಗುವಿಗೆ ಎಲ್ಲವನ್ನೂ ಒಮ್ಮೆಲೇ ಸುರಿಯುತ್ತಿರಲಿಲ್ಲ! ಈ ಪದ್ಧತಿಯನ್ನು ನಾನು ಮಗನ ಮುಂದಿಟ್ಟೆ. ಈ ವರ್ಷ ಒಂದೇ ವಸ್ತು, ಅದರ ಸುತ್ತ ಹಬ್ಬ. ಮುಂದಿನ ವರ್ಷದ್ದು ಮುಂದಿನ ವರ್ಷಕ್ಕೆ.

ವಸ್ತುವನ್ನು ಹುಡುಕಲು ದೂರ ಹೋಗಬೇಕಾಗಲಿಲ್ಲ. ಮೊಮ್ಮಗಳು ಹುಟ್ಟಿದ್ದು ಕಾರ್ತಿಕದಲ್ಲಿ. ಬೆಂಗಳೂರಿನ ಬಸವನಗುಡಿಯಲ್ಲಿ ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆ. ಹಿಂದೆ ಸುಂಕೇನಹಳ್ಳಿಯ ಹೊಲಗಳಿಗೆ ಬಸವ ನುಗ್ಗಿ ಕಡಲೆಕಾಯಿ ಮೇಯುತ್ತಿತ್ತೆಂದೂ, ರೈತರು ಮೊದಲ ಬೆಳೆಯನ್ನು ಅದಕ್ಕೆ ಅರ್ಪಿಸುವೆವೆಂದು ಹರಸಿಕೊಂಡರೆಂದೂ ಐತಿಹ್ಯ. ದೊಡ್ಡ ಬಸವಣ್ಣನ ಗುಡಿಯ ಮುಂದಿನ ರಸ್ತೆಯ ಇಕ್ಕೆಲದಲ್ಲಿಯೂ ಆ ದಿನಗಳಲ್ಲಿ ಕಾಯಿಯ ಗುಡ್ಡೆಗಳು. ಅಲ್ಲಿಯೇ ಬೆಂಡು, ಬತ್ತಾಸು, ಕಡ್ಲೆಪುರಿ, ಗಿರಗಟ್ಟೆ, ಪೀಪಿ, ಬಳೆ. ಹದಿನೈದು ಮಕ್ಕಳಿಗೆ ಬೇಕಾದುದೆಲ್ಲ ಆ ಒಂದು ಬೀದಿಯಲ್ಲಿ ಇದೆ. ಹೀಗೆ ನಮ್ಮ ಮನೆಯ ಅಂಗಳ ಒಂದು ಭಾನುವಾರದ ಮಟ್ಟಿಗೆ ಪರಿಷೆಯಾಗುವುದೆಂದು ತೀರ್ಮಾನವಾಯಿತು.

ಶುದ್ಧ ಸ್ವದೇಶಿಯ ಹಟ ಹಿಡಿದವರಿಗೆ ಇಲ್ಲಿ ಒಂದು ತೊಡಕುಂಟು. ಕಡಲೆಕಾಯಿ ಮೂಲತಃ ನಮ್ಮದಲ್ಲ. ಅದರ ತವರು ದಕ್ಷಿಣ ಅಮೆರಿಕ. ಮೆಣಸಿನಕಾಯಿಯೂ ಅಮೆರಿಕ ಖಂಡಗಳ ಕಡೆಯಿಂದಲೇ ಬಂದದ್ದು. ಬಂದ ಬೆಳೆ ನಮ್ಮ ಕೆಂಪುಮಣ್ಣಿಗೆ ಒಗ್ಗಿ, ನಮ್ಮ ಬಸವನಿಗೆ ನೈವೇದ್ಯವಾಗಿ, ತನ್ನ ಹೆಸರಿನಲ್ಲೊಂದು ಜಾತ್ರೆಯನ್ನೇ ಪಡೆದಿರುವಾಗ ಅದರ ಜಾತಕ ಕೇಳುವ ಹಕ್ಕು ಯಾರಿಗೂ ಇಲ್ಲವೆಂದು ನಾನು ತಿಳಿದಿದ್ದೇನೆ.

ಆಮಂತ್ರಣವನ್ನು ಮೊಮ್ಮಗಳ ಕೈಯಿಂದಲೇ ಬರೆಸಿ ನಾಲ್ಕು ಮೂಲೆಗೆ ಅರಿಸಿನ ಹಚ್ಚಿದೆವು. ‘ವರ್ಧಂತಿ’ ಎಂಬ ಹಳೆಯ ಮಾತನ್ನು ಬಳಸುವ ಆಸೆ ನನಗಿತ್ತು. ಸೊಸೆ ತಡೆದಳು. “ಮಾವ, ಪಕ್ಕದ ಮನೆಯವರು ತೆಲುಗಿನವರು” ಎಂದಳು. ಅವಳ ಎಚ್ಚರಿಕೆ ಯುಕ್ತವಾದದ್ದೇ. ಕನ್ನಡದಲ್ಲಿ ಹುಟ್ಟಿದ ದಿನವಾದ ವರ್ಧಂತಿ ತೆಲುಗಿನಲ್ಲಿ ತೀರಿಕೊಂಡ ದಿನ! ಹುಟ್ಟುಹಬ್ಬವೆಂದೇ ಬರೆದೆವು. ಅದರ ಕೆಳಗೆ ಎರಡು ಸಾಲು: ‘ಉಡುಗೊರೆ ತರುವುದು ಬೇಡ. ಪ್ರತಿಯೊಬ್ಬರೂ ಒಂದು ಒಗಟು ತರತಕ್ಕದ್ದು.’

ಈ ಎರಡು ಸಾಲುಗಳ ಹಿಂದೆ ಒಂದು ಕಾರಣವಿತ್ತು. ಹಿಂದಿನ ವರ್ಷ ನಮ್ಮ ಬೀದಿಯ ಒಬ್ಬಳು ಹುಡುಗಿ, ಮೊಮ್ಮಗಳ ಹತ್ತಿರದ ಗೆಳತಿ, ಬರಲಿಲ್ಲ. ತಂದೆ ಆಟೋ ಓಡಿಸುವವರು. ಮಗುವಿಗೆ ಜ್ವರವೆಂದು ಹೇಳಿ ಕಳುಹಿಸಿದ್ದರು. ಸಂಜೆ ನಾನು ಮೊಸರು ತರಲು ಹೋದಾಗ ಆ ಮಗು ಮನೆಯ ಮುಂದೆ ಹಗ್ಗದಾಟ ಆಡುತ್ತಿತ್ತು. ನನ್ನನ್ನು ಕಂಡೊಡನೆ ಒಳಗೆ ಓಡಿತು. ನಾವು ದುಂದು ಮಾಡಿದರೆ ಅದರ ಕಂದಾಯವನ್ನು ತೆರುವವರು ನಾವು ಮಾತ್ರವಲ್ಲ. ಬರುವ ಪ್ರತಿಯೊಂದು ಮಗುವಿನ ಮನೆಯಲ್ಲಿಯೂ ‘ಏನು ಕೊಡುವುದು, ಎಷ್ಟರದು ಕೊಡುವುದು’ ಎಂಬ ಲೆಕ್ಕ ಏಳುತ್ತದೆ. ಒಗಟಿಗೆ ಕಾಸು ಬೇಡ; ಅಜ್ಜಿ ಇದ್ದರೆ ಸಾಕು.

ಸಿದ್ಧತೆಯ ವಿಷಯ. ಬಾಗಿಲಿಗೆ ಮಾವಿನ ತೋರಣ, ಗೇಟಿಗೆ ಎರಡು ಬಾಳೆಕಂದು. ಅಂಗಳದ ರಂಗೋಲಿಯನ್ನು ದೊಡ್ಡವರು ಮುಗಿಸಿಡಲಿಲ್ಲ. ಚುಕ್ಕಿಗಳನ್ನು ಮಾತ್ರ ಇಟ್ಟು ಬಿಟ್ಟೆವು. ಬಂದ ಮಕ್ಕಳು ಗೆರೆ ಕೂಡಿಸಿದರು. ರೇಖೆಗಳು ಎಲ್ಲೆಲ್ಲಿಗೋ ಹೋದವು, ಆದರೆ ಮೊದಲ ಅರ್ಧ ಗಂಟೆಯ ಸಂಕೋಚ ಅದರಲ್ಲಿ ಕಳೆದುಹೋಯಿತು. ದೀಪಾವಳಿಯಲ್ಲಿ ಉಳಿದ ಹಣತೆಗಳನ್ನು ಕುಂಬಾರರು ಅಗ್ಗಕ್ಕೆ ಕೊಡುತ್ತಾರೆ. ಇಪ್ಪತ್ತನ್ನು ತಂದು ಕಟ್ಟೆಯ ಮೇಲೆ ಸಾಲಾಗಿಟ್ಟೆವು. ಹಳೆಯ ಸೀರೆಗಳನ್ನು ಕಟ್ಟಿ ಮೂರು ಅಂಗಡಿಗಳನ್ನು ಮಾಡಿದೆವು: ಕಡಲೆಕಾಯಿಯದೊಂದು, ಪುರಿ-ಬತ್ತಾಸಿನದೊಂದು, ಆಟದ್ದೊಂದು. ಪ್ರತಿ ಮಗುವಿಗೂ ಇಪ್ಪತ್ತು ಹುಣಿಸೆಬೀಜ. ಅದೇ ಅಂದಿನ ನಾಣ್ಯ. ಅಟ್ಟದಿಂದ ಇಳಿಸಿದ ಸೇರು, ಪಾವು, ಚಟಾಕುಗಳಲ್ಲಿ ಅಳೆದು ಮಾರಬೇಕು. ಮಕ್ಕಳೇ ಸರದಿಯಂತೆ ಅಂಗಡಿಯವರು. ಕೊಸರಿಲ್ಲದೆ ಕೊಳ್ಳಬಾರದೆಂದು ಹೇಳಿಕೊಟ್ಟವರು ಯಾರೋ ತಿಳಿಯದು. ಐದು ನಿಮಿಷಗಳಲ್ಲಿ ಎಲ್ಲರೂ ಚೌಕಾಸಿಗೆ ಇಳಿದಿದ್ದರು.

ಆಟಗಳಿಗೆ ಖರ್ಚೇ ಇಲ್ಲ. ಮುಚ್ಚಿದ ಮುಷ್ಟಿಯಲ್ಲಿ ಕಡಲೆಕಾಯಿ ಹಿಡಿದು ‘ಸರಿಯೋ ಬೆಸವೋ’ ಕೇಳುವುದು. ಸಿಪ್ಪೆ ಒಡೆಯುವ ಮೊದಲು ಒಳಗೆ ಎಷ್ಟು ಬೀಜವಿದೆಯೆಂದು ಊಹಿಸುವುದು. ನೆಲದ ಮೇಲೆ ಸೀಮೆಸುಣ್ಣದಿಂದ ಐದೈದು ಮನೆಗಳ ಚೌಕಾಬಾರ ಬರೆದು, ಕವಡೆಯ ಬದಲು ಒಂದು ಮೈಯನ್ನು ಕಲ್ಲಿಗೆ ತೇಯ್ದು ಬಿಳಿ ಮಾಡಿದ ಹುಣಿಸೆಬೀಜ ಉರುಳಿಸುವುದು. ಹದಿನಾಲ್ಕು ಗುಳಿಗಳ ಅಳಗುಳಿಮಣೆಯೊಂದು ನಮ್ಮಲ್ಲಿತ್ತು. ಅದಕ್ಕೆ ಗುಲಗಂಜಿಯನ್ನು ಹಾಕುವ ರೂಢಿಯುಂಟು. ಅದು ವಿಷದ ಬೀಜವಾದುದರಿಂದ ಚಿಕ್ಕ ಮಕ್ಕಳಿರುವಲ್ಲಿ ಕೂಡದು, ಹುಣಿಸೆಬೀಜವೇ ಸಾಕು. ಕಡಲೆಕಾಯಿಯ ವಿಷಯದಲ್ಲಿಯೂ ಒಂದು ಎಚ್ಚರ ಬೇಕು. ಕೆಲವು ಮಕ್ಕಳ ಮೈಗೆ ಅದು ಆಗದು. ಕೆಲವೊಮ್ಮೆ ಪ್ರಾಣಕ್ಕೇ ಅಪಾಯ. ತಂದೆತಾಯಿಯರನ್ನು ಮೊದಲೇ ಕೇಳಿಕೊಂಡಿದ್ದೆವು. ಅಂಥ ಮಗುವೊಂದಿದ್ದರೂ ನಾವು ಹಬ್ಬದ ವಸ್ತುವನ್ನೇ ಬದಲಿಸಿ ಕಬ್ಬನ್ನೋ ಕುಂಬಳವನ್ನೋ ಹಿಡಿಯುತ್ತಿದ್ದೆವು. ಗೆಳತಿಯೊಬ್ಬಳ ಜೊತೆ ಬಂದ ಪುಟ್ಟ ತಮ್ಮನಿಗೆ, ಗಂಟಲಲ್ಲಿ ಸಿಕ್ಕೀತೆಂದು, ಇಡೀ ಬೀಜ ಕೊಡಲಿಲ್ಲ.

ಊಟಕ್ಕೆ ಬೇಯಿಸಿದ ಕಡಲೆಕಾಯಿ, ಚುರುಮುರಿ, ಕೋಸಂಬರಿ, ಹೆಸರುಬೇಳೆ ಪಾಯಸ. ಮುತ್ತುಗದ ಎಲೆಯಲ್ಲಿ, ದೊನ್ನೆಯಲ್ಲಿ. ಕೇಕು ಇರಲಿಲ್ಲವೇ ಎಂದು ಕೇಳುವಿರಿ. ಇತ್ತು, ಸೊಸೆ ಮನೆಯಲ್ಲೇ ಮಾಡಿದ ಸಣ್ಣದೊಂದು. ದೀಪ ಆರಿಸಿ ಹಬ್ಬ ಮಾಡುವುದು ನಮ್ಮ ಸಂಪ್ರದಾಯವಲ್ಲವೆಂದು ಕೆಲವರು ಮಾಡುವ ಭಾಷಣ ನನಗೆ ರುಚಿಸದು. ಏಳು ವರ್ಷದ ಮಗುವಿಗೆ ಊದುವುದರಲ್ಲಿರುವ ಸಂತೋಷ ನಾಗರಿಕತೆಗಳ ಘರ್ಷಣೆಯಲ್ಲ.

ಅಂದಿನ ಎಲ್ಲ ಪ್ರದರ್ಶನಗಳಿಗಿಂತ ಹೆಚ್ಚು ಬೆರಗು ಹುಟ್ಟಿಸಿದ್ದು ಆರತಿ. ತಟ್ಟೆಯ ನೀರಿಗೆ ಅರಿಸಿನ ಕದಡಿದಾಗ ಹಳದಿ. ಅದಕ್ಕೆ ನನ್ನವಳು ಚಿಟಿಕೆ ಸುಣ್ಣ ಬೆರೆಸಿದೊಡನೆ ರಕ್ತಗೆಂಪು. ಮಕ್ಕಳು ಹೋ ಎಂದರು. ಸುಣ್ಣದ ಕ್ಷಾರ ಅರಿಸಿನದ ಬಣ್ಣವನ್ನು ಬದಲಿಸುತ್ತದೆ. ಆರತಿ ಮುಗಿದ ಮೇಲೆ ಅದೇ ನೀರಿಗೆ ನಿಂಬೆಹಣ್ಣು ಹಿಂಡಿ ಮತ್ತೆ ಹಳದಿಯಾಗಿಸಿ ತೋರಿಸಿದಾಗ, ಇನ್ನೊಮ್ಮೆ, ಇನ್ನೊಮ್ಮೆ ಎಂಬ ಕೂಗು. ಜಾದೂಗಾರನ ಬಾಬತ್ತು ಉಳಿಯಿತು.

ಧಾರ್ಮಿಕ ಆಚರಣೆಯನ್ನು ಈ ಗದ್ದಲಕ್ಕೆ ಸೇರಿಸಿರಲಿಲ್ಲ. ಚಾಂದ್ರಮಾನದ ವರ್ಷ ಸುಮಾರು 354 ದಿನಗಳದ್ದು. ಅದರಿಂದ ಹುಟ್ಟಿದ ತಿಥಿ ಇಂಗ್ಲಿಷ್ ತಾರೀಖಿಗಿಂತ ವರ್ಷಕ್ಕೆ ಹನ್ನೊಂದು ದಿನ ಹಿಂದೆ ಸರಿದು, ಅಧಿಕಮಾಸ ಬಂದಾಗ ಮುಂದಕ್ಕೆ ಜಿಗಿಯುತ್ತದೆ. ಎರಡೂ ಮತ್ತೆ ಹತ್ತಿರ ಹತ್ತಿರ ಕೂಡುವುದು ಹತ್ತೊಂಬತ್ತು ವರ್ಷಕ್ಕೊಮ್ಮೆ. ಈ ಅಂತರ ನಮಗೆ ಅನುಕೂಲವೇ ಆಯಿತು. ತಿಥಿಯ ದಿನ ಮನೆಯವರಷ್ಟೇ ಇದ್ದು ಎಣ್ಣೆನೀರು, ಚಿರಂಜೀವಿಗಳ ಸ್ಮರಣೆ, ಮಾರ್ಕಂಡೇಯನನ್ನು ನೆನೆದು ಎಳ್ಳು ಬೆಲ್ಲ ಬೆರೆಸಿದ ಅರ್ಧ ಬೊಗಸೆ ಹಾಲು. ಅದಕ್ಕೆ ಬೇರೆ ಖರ್ಚಿಲ್ಲ, ಪ್ರೇಕ್ಷಕರೂ ಇಲ್ಲ.

ಇನ್ನು ಲೆಕ್ಕ. ಕಡಲೆಕಾಯಿ ಐದು ಕಿಲೋಗೆ 450 ರೂಪಾಯಿ. ಪುರಿ, ಬೆಂಡು, ಬತ್ತಾಸಿಗೆ 300. ಅಡುಗೆಯ ಉಳಿದ ಸಾಮಾನಿಗೆ 500. ಎಲೆ, ದೊನ್ನೆ, ತೋರಣ, ಹೂವು, ಹಣತೆ ಎಲ್ಲ ಸೇರಿ 510. ಮಕ್ಕಳ ಕೈಗೆ ಕೊಡಲು ಚನ್ನಪಟ್ಟಣದ ಬುಗುರಿ, ಒಂದಕ್ಕೆ 40ರಂತೆ ಹದಿನೈದಕ್ಕೆ 600. ಒಟ್ಟು 2,360. ಬುಗುರಿಯಲ್ಲಿ ಉಳಿಸಬಹುದಿತ್ತೆಂದು ಮಗ ಹೇಳಿದ. ನಾನು ಒಪ್ಪಲಿಲ್ಲ. ಹಾಲೆಮರವನ್ನು ಚರಕಿಗೆ ಕೊಟ್ಟು, ಅದು ತಿರುಗುವ ಬಿಸಿಯಲ್ಲೇ ಅರಗು ಕರಗಿಸಿ ಬಣ್ಣವೇರಿಸುವ ಕುಶಲಿಗೆ ನಲವತ್ತು ರೂಪಾಯಿ ಹೆಚ್ಚಲ್ಲ. ಮಿತವ್ಯಯವೆಂದರೆ ಕೈಕೆಲಸದವರ ಕೂಲಿಯನ್ನು ಕಡಿಯುವುದಲ್ಲ.

ಬೀದಿಯ ಆ ಹುಡುಗಿ ಈ ಸಲ ಎಲ್ಲರಿಗಿಂತ ಮೊದಲೇ ಬಂದಳು. ಅವಳು ತಂದ ಒಗಟನ್ನು ಹದಿನಾಲ್ಕು ಮಕ್ಕಳೂ ಬಿಡಿಸಲಾರದೆ ಸೋತರು. ಉತ್ತರವನ್ನು ಅವಳು ಕತ್ತಲಾಗುವವರೆಗೂ ಬಿಟ್ಟುಕೊಡಲಿಲ್ಲ. ಮುಂದಿನ ವರ್ಷ ಸೇರಬೇಕಾದ ವಸ್ತು ಯಾವುದೆಂಬ ಚರ್ಚೆಯನ್ನು ಅವಳೂ ಮೊಮ್ಮಗಳೂ ಅಂದೇ ಪ್ರಾರಂಭಿಸಿ ತೊಗಲುಬೊಂಬೆಗೆ ಬಂದು ನಿಂತಿದ್ದಾರೆ. ಗೋಣಿಚೀಲದ ತುಂಬ ಉಳಿದ ಕಡಲೆಸಿಪ್ಪೆಯನ್ನು ಮರುದಿನ ನಾನು ಹೂವಿನ ಕುಂಡಗಳಿಗೆ ಹಾಕಿದೆ.